ಕೆಟ್ಟದ್ದೋ, ಕೆಡಿಸಿದ್ದೋ?

ಹೈದರಾಬಾದಿನ ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯ ಹುಡುಗರು ಸಿಗುತ್ತಲೇ ಇರುತ್ತಾರೆ. ಮೈತ್ರಿವನಂ ಸುತ್ತಮುತ್ತಲ ಕಟ್ಟಡಗಳಲ್ಲಿ ಕೆಲವು ತಿಂಗಳ ಕೋರ್ಸು ಮುಗಿಸಿ ಕೆಲಸ ಹುಡುಕಿಕೊಳ್ಳೋಣ ಎಂದು ಬಂದವರು. ಕಲಿಯಹೊರಟದ್ದು ಪೈಥಾನ್ ಇರಲಿ, ಕ್ಲೌಡ್ ಇರಲಿ, ಶುರುವಿನಲ್ಲೇ ಲಿನಕ್ಸ್ ಎದುರಾಗುತ್ತದೆ. ಮನೆಯಿಂದ ತಂದ ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುತ್ತದೆ, ಅದನ್ನು ತೆಗೆಯುವಂತಿಲ್ಲ. ಹಾಗಾಗಿ ಅದರ ಮಗ್ಗುಲಲ್ಲೇ ಉಬುಂಟುವನ್ನೋ ಮಿಂಟನ್ನೋ ಹಾಕಿಕೊಳ್ಳುತ್ತಾರೆ. ಕೆಲವು ವಾರ ಎರಡೂ ಹೊಂದಿಕೊಂಡು ನಡೆಯುತ್ತವೆ. ಆಮೇಲೊಂದು ಬೆಳಿಗ್ಗೆ ಪಕ್ಕದ ಮಂಚದ ಹಿರಿಯನ ಮುಂದೆ ಈ ಮಾತು ಬರುತ್ತದೆ: "ಅಣ್ಣಾ, ಚಾಲೂ ಆಗವಲ್ದು. ನಾ ಏನೂ ಮಾಡಿಲ್ರಿ, ತಾನೇ ಕೆಟ್ಟದ."

ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನು ನಿಜಕ್ಕೂ ಏನೂ ಮಾಡಿರುವುದಿಲ್ಲ. ಆದರೆ ತಾನೇ ಕೆಟ್ಟಿತು ಎಂಬುದು ಮಾತ್ರ ಬಹುಪಾಲು ಸಲ ನಿಜವಲ್ಲ.

ಕನ್ನಡಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಕೆಡುವುದು ಬೇರೆ, ಕೆಡಿಸುವುದು ಬೇರೆ. ಹಾಲು ಕೆಡುತ್ತದೆ, ಹಾಲನ್ನು ಯಾರೋ ಕೆಡಿಸುತ್ತಾರೆ. 'ಇಸು' ಸೇರಿದ ಕೂಡಲೇ 'ಯಾರು?' ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಹೈದರಾಬಾದಿನ ಉಳಿದೆರಡು ಭಾಷೆಗಳೂ ಇದೇ ಭೇದವನ್ನು ಇಟ್ಟುಕೊಂಡಿವೆ. ತೆಲುಗಿನಲ್ಲಿ ಚೆಡಿಪೋಯಿಂದಿ, ಚೆಡಗೊಟ್ಟಾರು; ದಖನಿಯಲ್ಲಿ ಬಿಗಡ್ ಗಯಾ, ಬಿಗಾಡ್ ದಿಯಾ. ಇಂಗ್ಲಿಷಿನಲ್ಲಿ ಮಾತ್ರ 'ಬ್ರೋಕ್' ಎಂಬ ಒಂದೇ ಪದ ಎರಡೂ ಕಡೆ ದುಡಿಯುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಬರುವ ತಪ್ಪು ಸಂದೇಶಗಳೆಲ್ಲ ಇಂಗ್ಲಿಷಿನವು, ಅದರಲ್ಲೂ ಕರ್ತೃವೇ ಇಲ್ಲದ ಇಂಗ್ಲಿಷಿನವು. ಅವನ್ನು ಓದಿ ಓದಿ, ತಾಯ್ನುಡಿಯಲ್ಲಿ ಇರುವ ಪ್ರಶ್ನೆಯನ್ನೂ ಕೇಳದೆ ಬಿಡುವುದು ರೂಢಿಯಾಗಿಬಿಟ್ಟಿದೆ.

ಡ್ಯುಯಲ್ ಬೂಟ್ ಕೆಟ್ಟಾಗ ಮಾಡಬೇಕಾದ ಮೊದಲ ಕೆಲಸ ಆ ಪ್ರಶ್ನೆಯನ್ನು ಕೇಳುವುದು: ಕೊನೆಯದಾಗಿ ಈ ಬಾಗಿಲನ್ನು ಮುಟ್ಟಿದವರು ಯಾರು? ದುರಸ್ತಿಯ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆದರೆ ಯಾರೂ ಕೇಳುವುದಿಲ್ಲ. ಹುಡುಗ ಲ್ಯಾಪ್‌ಟಾಪ್ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋಗುತ್ತಾನೆ, ಅಲ್ಲಿ ಸಿಗುವ ಔಷಧಿ ಒಂದೇ: ಫಾರ್ಮ್ಯಾಟ್. ಕನ್ನಡದವರು ಫಾರ್ಮ್ಯಾಟ್ 'ಹೊಡೆಯುತ್ತಾರೆ', ತೆಲುಗಿನವರು 'ಕೊಡ್ತಾರು', ದಖನಿಯವರು 'ಮಾರ್ ದೇತೆ'. ಮೂರು ಭಾಷೆಗಳೂ ಒಟ್ಟಾಗಿ ಹೊಡೆತದ ಕ್ರಿಯಾಪದವನ್ನೇ ಆರಿಸಿಕೊಂಡಿರುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಹೊಡೆದದ್ದರಲ್ಲಿ ಹೋಗುವುದು ಕೊನೆಯ ವರ್ಷದ ಪ್ರಾಜೆಕ್ಟ್, ಅಪ್ಪನ ಅಂಗಡಿಯ ಟ್ಯಾಲಿ ಲೆಕ್ಕ, ತಂಗಿಯ ಮದುವೆಯ ಫೋಟೊ. ಹೋಗಬೇಕಾದ ಕಾರಣ ಮಾತ್ರ ಏನೂ ಇರುವುದಿಲ್ಲ.

ಇದನ್ನು ಒಪ್ಪಲು ಪವರ್ ಬಟನ್ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ಬೂಟ್ ಎಂಬ ಪದವೇ ಒಂದು ತಮಾಷೆಯಿಂದ ಬಂದದ್ದು. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ 'ಬೂಟ್‌ಸ್ಟ್ರ್ಯಾಪ್' ಎನ್ನುತ್ತಾರೆ. ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ತರಲು ಮತ್ತೊಂದು. ಎಲ್ಲಕ್ಕೂ ಮೊದಲು ಏಳುವವನು ಯಾರು? ಮದರ್‌ಬೋರ್ಡಿನ ಚಿಪ್‌ನಲ್ಲಿ ಕೂತಿರುವ ಫರ್ಮ್‌ವೇರ್. ಅದು ಎದ್ದು ಡಿಸ್ಕಿನಲ್ಲಿರುವ ಎರಡನೆಯವನನ್ನು ಎಬ್ಬಿಸುತ್ತದೆ, ಎರಡನೆಯವನು ಮೂರನೆಯವನನ್ನು. ಈ ಎರಡನೆಯವನೇ ಬೂಟ್‌ಲೋಡರ್. ವಿಂಡೋಸ್‌ಗೆ ತನ್ನದೇ ಒಂದು ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದು 1995ರಲ್ಲಿ ಶುರುವಾದ ಗ್ರಬ್.

ಹಳೆಯ ಬಯೋಸ್ ಕಾಲದಲ್ಲಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ, ಅಂದರೆ 512 ಬೈಟುಗಳಲ್ಲಿ, ಎಲ್ಲವೂ ಅಡಗಬೇಕಿತ್ತು. ಅದರಲ್ಲೂ ಕೋಡಿಗೆ ಇದ್ದ ಜಾಗ 446 ಬೈಟು ಮಾತ್ರ. ಒಂದೇ ಬಾಗಿಲು, ಒಬ್ಬನೇ ದ್ವಾರಪಾಲಕ. ಗ್ರಬ್ ಅಲ್ಲಿ ಕೂತರೆ ವಿಂಡೋಸ್ ಕಡೆಗೂ ದಾರಿ ತೋರಿಸುತ್ತಿತ್ತು. ವಿಂಡೋಸನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಅದು ಗ್ರಬ್ ಅನ್ನು ಎಬ್ಬಿಸಿ ತಾನು ಕೂರುತ್ತಿತ್ತು, ಪಕ್ಕದಲ್ಲಿ ಲಿನಕ್ಸ್ ಇದೆಯೇ ಎಂದು ತಿರುಗಿಯೂ ನೋಡುತ್ತಿರಲಿಲ್ಲ. 'ಮೊದಲು ವಿಂಡೋಸ್ ಹಾಕಿ, ಆಮೇಲೆ ಲಿನಕ್ಸ್' ಎಂಬ ಹಳೆಯ ಬುದ್ಧಿವಾದ ಹುಟ್ಟಿದ್ದು ಇದರಿಂದಲೇ.

ಯುಇಎಫ್‌ಐ ಬಂದ ಮೇಲೆ ಏರ್ಪಾಡು ಎಷ್ಟೋ ಸುಧಾರಿಸಿತು. ಈಗ ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಎಂಬ ಚಿಕ್ಕ ಪ್ರತ್ಯೇಕ ಕೋಣೆ ಇರುತ್ತದೆ. ಅದರಲ್ಲಿ ಮೈಕ್ರೋಸಾಫ್ಟ್‌ಗೆ ಒಂದು ಫೋಲ್ಡರು, ಉಬುಂಟುವಿಗೆ ಒಂದು ಫೋಲ್ಡರು. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬೇಕಾದ ಅಗತ್ಯವಿಲ್ಲ. ಯಾರನ್ನು ಮೊದಲು ಎಬ್ಬಿಸಬೇಕು ಎಂಬ ಕ್ರಮಪಟ್ಟಿ ಮಾತ್ರ ಫರ್ಮ್‌ವೇರಿನ ನೆನಪಿನಲ್ಲಿ ಇರುತ್ತದೆ. ಇಂದು ಡ್ಯುಯಲ್ ಬೂಟ್ ಕೆಡುವ ಪ್ರಕರಣಗಳಲ್ಲಿ ಎಷ್ಟೋ ಈ ಪಟ್ಟಿಯವೇ. ವಿಂಡೋಸಿನ ದೊಡ್ಡ ಅಪ್‌ಡೇಟು ಬಂದು ತನ್ನ ಹೆಸರನ್ನು ಮೇಲಕ್ಕೆ ಹಾಕಿಕೊಳ್ಳುತ್ತದೆ, ಇಲ್ಲವೇ ಬಯೋಸ್ ಅಪ್‌ಡೇಟು ಪಟ್ಟಿಯನ್ನೇ ಒರೆಸಿಹಾಕುತ್ತದೆ. ಇನ್ನು ಕೆಲವು ಲ್ಯಾಪ್‌ಟಾಪುಗಳ ಫರ್ಮ್‌ವೇರ್ ಯಾವ ಪಟ್ಟಿ ಕೊಟ್ಟರೂ ವಿಂಡೋಸನ್ನೇ ಹುಡುಕಿಕೊಂಡು ಹೋಗುತ್ತದೆ. ಬೆಳಿಗ್ಗೆ ಎದ್ದರೆ ನೇರ ವಿಂಡೋಸ್ ತೆರೆಯುತ್ತದೆ, ಗ್ರಬ್‌ನ ಮೆನು ಕಾಣುವುದಿಲ್ಲ. ಹುಡುಗನಿಗೆ ಲಿನಕ್ಸ್ ಅಳಿಸಿಹೋಯಿತು ಎನ್ನಿಸುತ್ತದೆ.

ಅಳಿಸಿಹೋಗಿರುವುದಿಲ್ಲ. ಆನ್ ಮಾಡುವಾಗ ಎಫ್12 ಒತ್ತಿ (ಕೆಲವು ಕಂಪನಿಗಳಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್), ಬರುವ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರು ಇದ್ದರೆ ಅದನ್ನು ಆರಿಸಿದರಾಯಿತು. ಒಳಗೆ ಹೋದ ಮೇಲೆ ಕ್ರಮವನ್ನು ಸರಿಪಡಿಸುವ ಆಜ್ಞೆ ಒಂದೇ ಸಾಲಿನದು. ಅಂಗಡಿಯಲ್ಲಿ ಇದಕ್ಕೆ ಫಾರ್ಮ್ಯಾಟ್ ಹೊಡೆಸಿಕೊಂಡು ಬಂದವರ ಬಗ್ಗೆ ಕನಿಕರ ಪಡುವುದು ಬಿಟ್ಟು ಬೇರೇನು ಮಾಡಲು ಸಾಧ್ಯ?

ಎಲ್ಲ ರೋಗಗಳೂ ಇಷ್ಟು ಸುಲಭವಲ್ಲ ನಿಜ. ಆದರೆ ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ನೋಡಿದರೆ ರೋಗದ ಹೆಸರು ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಕಪ್ಪು ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂದು ಬಂದು ಕರ್ಸರ್ ಮಿಣುಕುತ್ತಿದ್ದರೆ, ಗ್ರಬ್‌ನ ಮೊದಲ ತುಣುಕು ಎದ್ದಿದೆ, ತನ್ನ ಉಳಿದ ಭಾಗ ಅದಕ್ಕೆ ಸಿಗುತ್ತಿಲ್ಲ ಎಂದರ್ಥ. ಹೀಗಾಗುವ ಸಾಮಾನ್ಯ ಸಂದರ್ಭ ಒಂದಿದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಲಿನಕ್ಸ್ ಪಾರ್ಟಿಶನ್‌ಗಳಿಗೆ ಹೆಸರೂ ಇರುವುದಿಲ್ಲ, ಅಕ್ಷರವೂ ಇರುವುದಿಲ್ಲ. ಖಾಲಿ ಜಾಗ ಸುಮ್ಮನೆ ಬಿದ್ದಿದೆ ಎಂದುಕೊಂಡು ಯಾರೋ ಅದನ್ನು ಅಳಿಸಿ ಡಿ ಡ್ರೈವಿಗೆ ಸೇರಿಸಿಬಿಡುತ್ತಾರೆ. ಅಳಿಸದೆ ಪಾರ್ಟಿಶನ್‌ನ ಸಂಖ್ಯೆ ಮಾತ್ರ ಬದಲಾಗಿದ್ದರೆ, ಆ ಕರ್ಸರಿನ ಮುಂದೆಯೇ ನಾಲ್ಕು ಆಜ್ಞೆ ಟೈಪಿಸಿ ಗ್ರಬ್‌ಗೆ ಅದರ ಮನೆಯ ದಾರಿ ತೋರಿಸಬಹುದು. ಮೆನು ಬಂದು ಲಿನಕ್ಸ್ ಆರಿಸಿದ ಮೇಲೆ ಒಂದೂವರೆ ನಿಮಿಷ ಕಾಯಿಸಿ ಎಮರ್ಜೆನ್ಸಿ ಮೋಡ್ ಎನ್ನುತ್ತಿದ್ದರೆ, ಗ್ರಬ್‌ನದು ತಪ್ಪಿಲ್ಲ. ಎಲ್ಲೆಲ್ಲಿ ಯಾವ ಪಾರ್ಟಿಶನ್ ಇದೆ ಎಂದು ಲಿನಕ್ಸ್ ಬರೆದಿಟ್ಟುಕೊಂಡ ಫೈಲಿನಲ್ಲಿ ಈಗ ಇಲ್ಲದ ಯಾವುದೋ ಒಂದರ ಹೆಸರು ಉಳಿದುಕೊಂಡಿದೆ.

ಇನ್ನೊಂದು ಬಗೆ ಅರೆಬರೆ ಸಲಹೆಯಿಂದ ಬರುತ್ತದೆ. ಉಬುಂಟು ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ, ಬಯೋಸಿಗೆ ಹೋಗಿ ಇಂಟೆಲ್ ಆರ್‌ಎಸ್‌ಟಿ ಎಂದಿರುವುದನ್ನು ಎಎಚ್‌ಸಿಐ ಮಾಡು ಎಂದು ಯಾರೋ ಹೇಳುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಮೊದಲು ವಿಂಡೋಸಿಗೆ ಮುಂದಿನ ಸಲ ಸೇಫ್ ಮೋಡಿನಲ್ಲಿ ಏಳು ಎಂದು ಹೇಳಿಡದೆ ಇದನ್ನು ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬಿದ್ದುಬಿಡುತ್ತದೆ. ಗಾಬರಿಯಲ್ಲಿ ಹುಡುಗ ಅಂಗಡಿಗೆ ಓಡುತ್ತಾನೆ. ಬದಲಿಸಿದ್ದನ್ನು ಹಿಂದಿನಂತೆಯೇ ಮಾಡಿದ್ದರೆ ವಿಂಡೋಸ್ ಎದ್ದು ಕೂರುತ್ತಿತ್ತು.

ಇವುಗಳ ನಡುವೆ ಎರಡು ಸಣ್ಣ ಕಿರಿಕಿರಿಗಳನ್ನು ಹೇಳದಿದ್ದರೆ ತಪ್ಪಾದೀತು. ಲಿನಕ್ಸ್ ಬಳಸಿ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಐದೂವರೆ ಎಂದ ಕೂಡಲೇ ಭಾರತದವರಿಗೆ ಗುಟ್ಟು ಹೊಳೆಯಬೇಕು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಊರಿನ ಸಮಯ ಎಂದುಕೊಂಡು ಅದನ್ನೇ ಓದುತ್ತದೆ. ಲಂಡನ್ನಿನವರಿಗೆ ಚಳಿಗಾಲದಲ್ಲಿ ಈ ತೊಂದರೆ ಗೊತ್ತೂ ಆಗುವುದಿಲ್ಲ. ಎರಡನೆಯದು 'ಶಟ್ ಡೌನ್' ಎಂಬ ಮಾತಿನದು. ವಿಂಡೋಸ್ 8ರಿಂದ ಈಚೆಗೆ, ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ, ಶಟ್ ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಒಂದು ಭಾಗವನ್ನು ಹೆಪ್ಪುಗಟ್ಟಿಸಿ ಡಿಸ್ಕಿನಲ್ಲಿ ಇಟ್ಟಿರುತ್ತದೆ. ಅಂಥ ಡ್ರೈವಿನಲ್ಲಿ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. ತಮಾಷೆಯೆಂದರೆ 'ರೀಸ್ಟಾರ್ಟ್' ಒತ್ತಿದರೆ ಮಾತ್ರ ವಿಂಡೋಸ್ ನಿಜವಾಗಿ ಮುಚ್ಚುತ್ತದೆ. ಪದ ಒಂದು, ಅರ್ಥ ಇನ್ನೊಂದು.

ಈಗ 2024ರ ಆಗಸ್ಟ್ 13ಕ್ಕೆ ಬರಬೇಕು. 'ಯಾರು?' ಎಂಬ ಪ್ರಶ್ನೆಯನ್ನು ಏಕೆ ಬಿಡಬಾರದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಂದು ಮೈಕ್ರೋಸಾಫ್ಟಿನ ಮಾಸಿಕ ಭದ್ರತಾ ಅಪ್‌ಡೇಟು ಎಂದಿನಂತೆ ಬಂತು. ಅದಾದ ಮೇಲೆ ಡ್ಯುಯಲ್ ಬೂಟ್ ಮಾಡಿಕೊಂಡಿದ್ದ ಬಹಳಷ್ಟು ಜನ, ಉಬುಂಟು, ಡೆಬಿಯನ್, ಮಿಂಟ್, ಜೋರಿನ್ ಬಳಸುವವರು, ಲಿನಕ್ಸ್ ಆರಿಸಿದರೆ ಒಂದು ಚುಟುಕು ಸಂದೇಶ ಕಾಣತೊಡಗಿದರು. ಅದರ ಸಾರಾಂಶ: ಶಿಮ್‌ನ ಎಸ್‌ಬಿಎಟಿ ಪರೀಕ್ಷೆ ವಿಫಲವಾಗಿದೆ, ಭದ್ರತಾ ನೀತಿಯ ಉಲ್ಲಂಘನೆಯಾಗಿದೆ, ಏನೋ ಗಂಭೀರವಾಗಿ ಎಡವಟ್ಟಾಗಿದೆ. ಅಷ್ಟು ಹೇಳಿ ಯಂತ್ರ ಆಫ್ ಆಗುತ್ತಿತ್ತು. ದುರಸ್ತಿಗೆಂದು ಇಟ್ಟುಕೊಂಡಿದ್ದ ಹಳೆಯ ಲಿನಕ್ಸ್ ಪೆನ್‌ಡ್ರೈವ್ ಹಾಕಿದರೂ ಅದೇ ಪಾಡು. ವಿಂಡೋಸ್ ಮಾತ್ರ ಆರಾಮವಾಗಿ ತೆರೆಯುತ್ತಿತ್ತು.

ಏನೋ ಗಂಭೀರವಾಗಿ ಎಡವಟ್ಟಾಗಿದೆ! ಈ ವಾಕ್ಯದಲ್ಲಿ ಕರ್ತೃ ಯಾರು? ಇಲ್ಲ. ಹೇಳುತ್ತಿರುವವರು ಯಾರು? ಶಿಮ್, ಅಂದರೆ ಲಿನಕ್ಸ್ ಕಡೆಯ ಮೊದಲ ಸಣ್ಣ ಪ್ರೋಗ್ರಾಮ್. ಬಾಯಿ ಬಿಟ್ಟದ್ದು ಅದು, ಬಿದ್ದದ್ದೂ ಅದು. ಹಾಗಾಗಿ ನೋಡಿದವರೆಲ್ಲ ಲಿನಕ್ಸ್ ಕೆಟ್ಟಿತು ಎಂದುಕೊಂಡರು. ಹಿಂದಿನ ರಾತ್ರಿ ಬಂದುಹೋದವರ ಹೆಜ್ಜೆಗುರುತು ಆ ಸಂದೇಶದಲ್ಲಿ ಎಲ್ಲಿಯೂ ಇರಲಿಲ್ಲ.

ನಡೆದದ್ದು ಇಷ್ಟು. ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯಲ್ಲಿ ಫರ್ಮ್‌ವೇರ್ ತನಗೆ ಗೊತ್ತಿರುವ ಸಹಿ ಇದ್ದ ಪ್ರೋಗ್ರಾಮನ್ನು ಮಾತ್ರ ಎಬ್ಬಿಸುತ್ತದೆ. ಮಾರುಕಟ್ಟೆಯ ಬಹುತೇಕ ಎಲ್ಲ ಪಿಸಿಗಳಲ್ಲೂ ಇರುವ ಕೀಲಿ ಮೈಕ್ರೋಸಾಫ್ಟಿನದು. ಹಾಗಾಗಿ ಲಿನಕ್ಸಿನವರು ಶಿಮ್ ಎಂಬ ಚಿಕ್ಕ ಪ್ರೋಗ್ರಾಮನ್ನು ಮಾಡಿ, ಅದಕ್ಕೆ ಮೈಕ್ರೋಸಾಫ್ಟಿನಿಂದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲಿನ ಗ್ರಬ್ ಅನ್ನು ಶಿಮ್ ನೋಡಿಕೊಳ್ಳುತ್ತದೆ. 2020ರಲ್ಲಿ ಗ್ರಬ್‌ನಲ್ಲಿ 'ಬೂಟ್‌ಹೋಲ್' ಎಂಬ ದೊಡ್ಡ ಭದ್ರತಾ ದೋಷ ಸಿಕ್ಕಿತು. ದೋಷವಿರುವ ಒಂದೊಂದು ಫೈಲನ್ನೂ ಹೆಸರಿಟ್ಟು ನಿಷೇಧಿಸುತ್ತಾ ಹೋದರೆ ಫರ್ಮ್‌ವೇರಿನ ಜಾಗವೇ ಸಾಲದು ಎಂದು ಕಂಡದ್ದು ಆಗಲೇ. ಅದಕ್ಕಾಗಿ 'ಇಂಥ ಪೀಳಿಗೆಗಿಂತ ಹಳೆಯದೆಲ್ಲ ಬೇಡ' ಎಂದು ಒಂದೇ ಮಾತಿನಲ್ಲಿ ಹೇಳುವ ಎಸ್‌ಬಿಎಟಿ ವಿಧಾನ ಬಂತು. ಇದನ್ನು ರೂಪಿಸಿದ್ದರಲ್ಲಿ ಲಿನಕ್ಸ್ ಕಡೆಯವರ ಕೈಯೂ ಇತ್ತು. 2022ರಲ್ಲಿ ಗ್ರಬ್‌ನಲ್ಲಿ ಸಿಕ್ಕ ಇನ್ನೊಂದು ದೋಷವನ್ನು ಮುಚ್ಚಲು 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಆ ಅಸ್ತ್ರ ಬಳಸಿತು. ಡ್ಯುಯಲ್ ಬೂಟ್ ಇರುವ ಯಂತ್ರಗಳಿಗೆ ಇದು ತಗಲುವುದಿಲ್ಲ ಎಂದು ಕಂಪನಿ ಮೊದಲೇ ಹೇಳಿತ್ತು. ತಗಲಿತು. ಕೆಲವು ಬಗೆಯ ಡ್ಯುಯಲ್ ಬೂಟ್‌ಗಳನ್ನು ಅಪ್‌ಡೇಟು ಗುರುತಿಸಲಿಲ್ಲ ಎಂದು ಆಮೇಲೆ ಒಪ್ಪಿಕೊಂಡಿತು. ಮುಂದಿನ ತಿಂಗಳಿಂದ ಆ ಬದಲಾವಣೆಯನ್ನು ಹಾಕುವುದು ನಿಂತಿತು, ಆದರೆ ತೊಂದರೆ ಪೂರ್ತಿ ಪರಿಹಾರವಾಯಿತು ಎಂದು ಘೋಷಿಸಿದ್ದು 2025ರ ಮೇ ತಿಂಗಳಲ್ಲಿ. ಒಂಬತ್ತು ತಿಂಗಳು.

ಮೈಕ್ರೋಸಾಫ್ಟ್ ಲಿನಕ್ಸನ್ನು ಮುಗಿಸಲು ಹೂಡಿದ ಸಂಚು ಇದು ಎಂದವರೂ ಇದ್ದರು. ಆ ವಾದ ನಿಲ್ಲುವುದಿಲ್ಲ. ದೋಷ ಗ್ರಬ್‌ನಲ್ಲಿ ಇದ್ದದ್ದು ನಿಜ; ಹೊಸ ಶಿಮ್ ಬಂದು ಎಷ್ಟೋ ಕಾಲವಾಗಿದ್ದರೂ ಹಳೆಯದನ್ನೇ ಕೊಡುತ್ತಿದ್ದ ಲಿನಕ್ಸ್ ಆವೃತ್ತಿಗಳು ಇದ್ದದ್ದೂ ನಿಜ. ಹಗೆ ಇರಲಿಲ್ಲ, ಅಲಕ್ಷ್ಯ ಇತ್ತು. ಆದರೆ ಅಲಕ್ಷ್ಯಕ್ಕೂ ಒಬ್ಬ ಕರ್ತೃ ಇರುತ್ತಾನೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಸರಿಯಾಗಿ ನೋಡದೆ ಹೊರಗಿನಿಂದ ಬೀಗ ಹಾಕಿದವನನ್ನು ಏನೆನ್ನುತ್ತೇವೆ? ದುಷ್ಟ ಎನ್ನುವುದಿಲ್ಲ, ಆದರೆ ಬೀಗ ತಾನಾಗಿ ಬಿತ್ತು ಎಂದೂ ಹೇಳುವುದಿಲ್ಲ.

ಎರಡು ಕಡೆಯವರ ನಡುವೆ ಸೌಜನ್ಯ ಮೊದಲಿನಿಂದಲೂ ಒಮ್ಮುಖವಾದದ್ದು. ಲಿನಕ್ಸ್ ಇನ್‌ಸ್ಟಾಲರ್ ಬಂದ ಕೂಡಲೇ ಡಿಸ್ಕಿನಲ್ಲಿ ವಿಂಡೋಸ್ ಇದೆ ಎಂದು ಗುರುತಿಸುತ್ತದೆ, ಅದಕ್ಕೆ ಜಾಗ ಉಳಿಸುತ್ತದೆ, ಮೆನುವಿನಲ್ಲಿ ಹೆಸರು ಹಾಕುತ್ತದೆ. ವಿಂಡೋಸಿನ ಇನ್‌ಸ್ಟಾಲರಿಗೆ ಲಿನಕ್ಸ್ ಪಾರ್ಟಿಶನ್ ಎಂದರೆ ಹೆಸರಿಲ್ಲದ ಜಾಗ. ಹೈದರಾಬಾದಿಗೆ ಬಂದ ಬೀದರಿನ ಹುಡುಗ ತಿಂಗಳೊಳಗೆ ತೆಲುಗು ಕಲಿಯುತ್ತಾನೆ, ದಖನಿ ಅವನಿಗೆ ಊರಿನಿಂದಲೇ ಬಂದಿರುತ್ತದೆ. ಅವನ ಕನ್ನಡವನ್ನು ಅಲ್ಲಿ ಯಾರೂ ಕಲಿಯಬೇಕಾಗಿಲ್ಲ. ಆಮೇಲೆ ಬಂದವನು ಮೊದಲಿದ್ದವನನ್ನು ಬಲ್ಲ, ಮೊದಲಿದ್ದವನಿಗೆ ಆ ದರ್ದು ಇಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಬೇಡ, ಏಕೆಂದರೆ ಲಿನಕ್ಸಿನ ಕಡೆಯೂ ಒಂದು ತೊಡಕಿದೆ. 2021ರಲ್ಲಿ ಬಂದ ಗ್ರಬ್ 2.06 ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕುವ ಕೆಲಸವನ್ನು ಭದ್ರತೆಯ ಕಾರಣ ಕೊಟ್ಟು ತಾನಾಗಿ ಮಾಡುವುದನ್ನು ನಿಲ್ಲಿಸಿತು. ಬೇಕಾದವರು ಒಂದು ಸಾಲು ತಿದ್ದಿ ಮತ್ತೆ ಆನ್ ಮಾಡಿಕೊಳ್ಳಬೇಕು. ಲಿನಕ್ಸ್ ಅಪ್‌ಡೇಟ್ ಮಾಡಿದ ಮೇಲೆ ಮೆನುವಿನಿಂದ ವಿಂಡೋಸ್ ಮಾಯವಾಗಿದ್ದರೆ, ಆ ಸಲ ಕರ್ತೃ ಗ್ರಬ್ಬೇ.

ಈ ಇಡೀ ವ್ಯವಹಾರದ ಎರಡು ತುದಿಗಳೂ ಹೈದರಾಬಾದಿನ ಒಂದೇ ಬಡಾವಣೆಯಲ್ಲಿವೆ ಎಂಬುದು ಗಮನಿಸಬೇಕಾದ ಸಂಗತಿ. ಮೈಕ್ರೋಸಾಫ್ಟಿನ ಇಂಡಿಯಾ ಡೆವಲಪ್‌ಮೆಂಟ್ ಸೆಂಟರ್ 1998ರಿಂದ ಈ ಊರಿನಲ್ಲಿದೆ, ಅದರ ದೊಡ್ಡ ಕ್ಯಾಂಪಸ್ಸು ಗಚ್ಚಿಬೌಲಿಯಲ್ಲಿ. ತೆಲುಗಿನಲ್ಲಿ ಲಿನಕ್ಸ್ ತಂದ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಕೆದಾರರ ಗುಂಪು ಕಟ್ಟಿದ ಸ್ವತಂತ್ರ ತಂತ್ರಾಂಶ ಸಂಘಟನೆ 'ಸ್ವೇಚ್ಛಾ' ಇರುವುದೂ ಗಚ್ಚಿಬೌಲಿಯಲ್ಲೇ. ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲ ಇದೇ ಊರಿನವರು, ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿದವರು. ಅವರಿಗಿಂತ ಹಿಂದಿದ್ದ ಸ್ಟೀವ್ ಬಾಮರ್ 2001ರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು; 2014ರಲ್ಲಿ ನಾದೆಲ್ಲ ಮೈಕ್ರೋಸಾಫ್ಟಿಗೆ ಲಿನಕ್ಸ್ ಎಂದರೆ ಪ್ರೀತಿ ಎಂದರು. 2016ರಲ್ಲಿ ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಬಂತು. ಪ್ರೀತಿ ಸುಳ್ಳೇನಲ್ಲ. ಆದರೆ ಅದು ತನ್ನ ಮನೆಯೊಳಗೆ ಬಾಡಿಗೆಗೆ ಇರುವ ಲಿನಕ್ಸಿನ ಮೇಲಿನ ಪ್ರೀತಿ, ಪಕ್ಕದಲ್ಲಿ ಸ್ವಂತ ಬಾಗಿಲು ಇಟ್ಟುಕೊಂಡ ಲಿನಕ್ಸಿನ ಮೇಲಿನದಲ್ಲ.

ಡಬ್ಲ್ಯುಎಸ್‌ಎಲ್ ಇರುವಾಗ, ವರ್ಚುವಲ್ ಮಷಿನ್ ಇರುವಾಗ, ಡ್ಯುಯಲ್ ಬೂಟಿನ ತಾಪತ್ರಯ ಯಾಕೆ ಎಂದು ಕೇಳುವವರು ಹೆಚ್ಚಾಗುತ್ತಿದ್ದಾರೆ. ಕಮ್ಯಾಂಡ್ ಕಲಿಯಲು ಮಾತ್ರ ಲಿನಕ್ಸ್ ಬೇಕಾದವರಿಗೆ ಆ ದಾರಿಯೇ ಸರಿ, ಅನುಮಾನವಿಲ್ಲ. ಆದರೆ ನಾಲ್ಕು ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿನಲ್ಲಿ ಒಂದರೊಳಗೆ ಒಂದನ್ನು ಓಡಿಸಿ ನೋಡಿದವರಿಗೆ ಅದರ ಸಂಕಟ ಗೊತ್ತು. ಪೂರ್ತಿ ಲಿನಕ್ಸಿಗೇ ಹೋಗಿಬಿಡಿ ಎನ್ನುವ ಇನ್ನೊಂದು ಪಂಗಡಕ್ಕೂ ವಾಸ್ತವದ ಅರಿವು ಕಡಿಮೆ. ಕೇರಳದ ಸರ್ಕಾರಿ ಶಾಲೆಗಳು ಹಾಗೆ ಹೋದವು, ಹಿಂದೆ ಒಂದು ಸರ್ಕಾರವೇ ನಿಂತಿತ್ತು. ಅಮೀರ್‌ಪೇಟೆಯ ಹುಡುಗನ ಹಿಂದೆ ಯಾರಿದ್ದಾರೆ? ಆನ್‌ಲೈನ್ ನೇಮಕಾತಿ ಪರೀಕ್ಷೆಯ ಕಣ್ಗಾವಲು ತಂತ್ರಾಂಶ ವಿಂಡೋಸ್ ಬೇಕು ಎಂದರೆ ಬೇಕು.

ಕನ್ನಡದವರಿಗಂತೂ ಇನ್ನೊಂದು ಕಾರಣವಿದೆ. ಯೂನಿಕೋಡ್ ಕನ್ನಡ ಬರೆಯಲು ಲಿನಕ್ಸ್ ಇಂದು ಯಾವ ರೀತಿಯಲ್ಲೂ ಹಿಂದಿಲ್ಲ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಅಲ್ಲಿ ಸಿಗುತ್ತದೆ. ಆದರೆ ಮುದ್ರಣಾಲಯದಿಂದ ಬರುವ ಹಳೆಯ ಫೈಲು ಇಂದಿಗೂ ಪೇಜ್‌ಮೇಕರಿನದೇ ಆಗಿರಬಹುದು, ಒಳಗೆ ನುಡಿಯ ಹಳೆಯ ಆಸ್ಕಿ ಅಕ್ಷರಗಳು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಂಥ ಒಂದು ಫೈಲು ತೆರೆಯಲು ವರ್ಷಕ್ಕೆ ನಾಲ್ಕು ಸಲ ವಿಂಡೋಸ್ ಬೇಕಾಗುತ್ತದೆ ಎಂದು ಅದನ್ನು ಉಳಿಸಿಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ, ಕಾಚಿಗುಡದಲ್ಲೂ ಇದ್ದಾರೆ. ಇವರನ್ನು ಎರಡು ದೋಣಿಯಲ್ಲಿ ಕಾಲಿಟ್ಟವರು ಎಂದು ಮೂದಲಿಸುವುದು ಅನ್ಯಾಯ.

ಇವರ ಸಂಖ್ಯೆ ಕಡಿಮೆಯಾಗುವ ಲಕ್ಷಣವೂ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಹಾರ್ಡ್‌ವೇರ್ ಇಲ್ಲದ ಲ್ಯಾಪ್‌ಟಾಪುಗಳು ಮನೆ ಮನೆಯಲ್ಲಿವೆ. ಅವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಲಿನಕ್ಸಿನತ್ತ ನೋಡುತ್ತಾರೆ, ಹಳೆಯದನ್ನು ಒಂದೇ ಏಟಿಗೆ ಬಿಡಲಾರದೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ.

ಹಾಗಾಗಿ ಕಾಲೇಜುಗಳಲ್ಲಿ ಲಿನಕ್ಸ್ ಹಾಕಿಕೊಡುವ ಶಿಬಿರ ನಡೆಸುವವರ ಮೇಲೆ ಒಂದು ತಕರಾರು ಇದೆ. ಒಂದು ಮಧ್ಯಾಹ್ನದಲ್ಲಿ ಐವತ್ತು ಲ್ಯಾಪ್‌ಟಾಪಿಗೆ ಹಾಕಿಕೊಟ್ಟು, ಫೋಟೊ ತೆಗೆಸಿಕೊಂಡು ಹೊರಟರೆ ಅರ್ಧ ಕೆಲಸ ಮಾಡಿದಂತೆ. ಹಾಕುವುದು ಈಗ ಯಾರಿಗೂ ಕಷ್ಟವಲ್ಲ. ಆರು ತಿಂಗಳ ನಂತರ ಒಂದು ಅಪ್‌ಡೇಟು ಬಂದ ಬೆಳಿಗ್ಗೆ ಆ ಹುಡುಗಿ ಹಾಸ್ಟೆಲಿನಲ್ಲಿ ಒಬ್ಬಳೇ ಇರುತ್ತಾಳೆ. ಅವಳಿಗೆ ಬೇಕಾದ್ದು ಆ ಬೆಳಗಿನ ವಿದ್ಯೆ. ಶಿಬಿರದಲ್ಲಿಯೇ ಬೂಟ್ ಕ್ರಮವನ್ನು ಬೇಕೆಂದೇ ಕೆಡಿಸಿ, ಅವಳ ಕೈಯಲ್ಲೇ ಸರಿ ಮಾಡಿಸಬೇಕು. ಒಮ್ಮೆ ಸ್ವಂತ ಕೈಯಿಂದ ಸರಿಪಡಿಸಿದವಳು 'ತಾನೇ ಕೆಟ್ಟಿತು' ಎನ್ನುವುದಿಲ್ಲ.

ಅದಕ್ಕೂ ಮೊದಲು ಕಾಗದ ಪೆನ್ನು ತೆಗೆಸಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಎಷ್ಟೋ ಸಲ ಮಾಲೀಕರಿಗೆ ಗೊತ್ತೇ ಇಲ್ಲದಂತೆ ಬಿದ್ದಿರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ, ಬೂಟ್ ಆಗುವ ದಾರಿ ಬದಲಾದರೆ, ವಿಂಡೋಸ್ ನಿಂತು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಡ್ಯುಯಲ್ ಬೂಟಿನಲ್ಲಿ ಫೈಲುಗಳು ನಿಜವಾಗಿ ಕೈತಪ್ಪುವ ಒಂದು ಸಂದರ್ಭ ಇದೇ: ಕೀ ಇಲ್ಲದಿದ್ದರೆ ಅಂಗಡಿಯವನೂ ತೆರೆಯಲಾರ, ಮೈಕ್ರೋಸಾಫ್ಟಿನವರೂ ಹೊಸದಾಗಿ ಮಾಡಿಕೊಡಲಾರರು. ಸಾಮಾನ್ಯವಾಗಿ ಅದು ವಿಂಡೋಸಿಗೆ ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆ ಲ್ಯಾಪ್‌ಟಾಪ್ ಕೊಡಿಸಿದ ಮಾವನದೋ, ಮಾರಿದ ಅಂಗಡಿಯವನೇ ಅವಸರದಲ್ಲಿ ತೆರೆದುಕೊಟ್ಟದ್ದೋ ಆಗಿದ್ದರೆ? ಇದನ್ನು ಮೊದಲೇ ವಿಚಾರಿಸಿ, 48 ಅಂಕಿಗಳನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಸಿ, ಇನ್ನೊಮ್ಮೆ ಓದಿಸಿ ತಾಳೆ ನೋಡಬೇಕು. ಬಳಿಕ ಫಾಸ್ಟ್ ಸ್ಟಾರ್ಟಪ್ ಆಫ್. ಬಳಿಕ ಲಿನಕ್ಸ್. ಹೊರಡುವಾಗ ಕೈಗೊಂದು ಬೂಟ್ ಆಗುವ ಪೆನ್‌ಡ್ರೈವ್. ಅದರಲ್ಲಿರುವ ಲಿನಕ್ಸನ್ನು ವರ್ಷಕ್ಕೊಮ್ಮೆಯಾದರೂ ಹೊಸದು ಮಾಡಿಕೊಳ್ಳದಿದ್ದರೆ 2024ರ ಆಗಸ್ಟಿನಲ್ಲಿ ಆದಂತೆ ಅದೂ ಕೈಕೊಡುತ್ತದೆ.

ಇನ್ನೊಂದು ತಾರೀಕನ್ನೂ ಬರೆದಿಟ್ಟುಕೊಳ್ಳಬೇಕು. ಸೆಕ್ಯೂರ್ ಬೂಟ್‌ಗಾಗಿ 2011ರಲ್ಲಿ ಮಾಡಿದ ಮೈಕ್ರೋಸಾಫ್ಟಿನ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಶಿಮ್‌ಗೆ ಬೀಳುವ ಸಹಿಯೂ ಆ ಗುಂಪಿನದೇ. ಅವಧಿ ಮುಗಿದ ದಿನವೇ ಯಂತ್ರಗಳು ನಿಲ್ಲುವುದಿಲ್ಲ, ಈಗಾಗಲೇ ಸಹಿಯಾದದ್ದು ನಡೆಯುತ್ತದೆ. ಆದರೆ ಹೊಸ ಶಿಮ್‌ಗಳಿಗೆ 2023ರ ಕೀಲಿಯ ಸಹಿ ಬರುತ್ತದೆ, ಆ ಕೀಲಿ ಫರ್ಮ್‌ವೇರಿನಲ್ಲಿ ಇಲ್ಲದ ಹಳೆಯ ಲ್ಯಾಪ್‌ಟಾಪು ಅದನ್ನು ಗುರುತಿಸುವುದಿಲ್ಲ. ಕೀಲಿ ವಿಂಡೋಸ್ ಅಪ್‌ಡೇಟಿನ ಮೂಲಕ ಬರಬಹುದು, ತಯಾರಕರ ಬಯೋಸ್ ಅಪ್‌ಡೇಟಿನ ಮೂಲಕ ಬರಬಹುದು. ತಿಂಗಳುಗಟ್ಟಲೆ ವಿಂಡೋಸ್ ತೆರೆಯದೆ ಲಿನಕ್ಸಿನಲ್ಲೇ ಇರುವವರು ಲಿನಕ್ಸಿನಿಂದಲೇ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯೇ ಎಂದು ನೋಡಬಹುದು, ಇಲ್ಲವೇ ಒಂದು ಭಾನುವಾರ ವಿಂಡೋಸ್ ತೆರೆದು ಅಪ್‌ಡೇಟ್ ಮುಗಿಸಿಕೊಳ್ಳಬಹುದು, 48 ಅಂಕಿಗಳ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು.